ಮಂಡಿ ಸವೆತದ ನೋವು: ಮನೆಯಲ್ಲೇ ಮಾಡಬಹುದಾದ ವ್ಯಾಯಾಮಗಳು

ರಾಗಿ ಹೊಲದಲ್ಲಿ ಕಳೆ ತೆಗೆಯುವ ಕಾಲ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಮಂಡಿನೋವಿನ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಕುಕ್ಕರಗಾಲಿನಲ್ಲಿ ಕುಳಿತು ಸಾಲು ಮುಗಿಸಿದ ಹೆಂಗಸರು ಮೇಲೇಳುವಾಗ ಎರಡು ಕೈಗಳನ್ನೂ ತೊಡೆಯ ಮೇಲೆ ಊರಿ ಏಳುತ್ತಾರೆ. ಎದ್ದ ಮೇಲೂ ನಾಲ್ಕು ಹೆಜ್ಜೆ ಕುಂಟಿದ ನಂತರವೇ ಕಾಲು ಸಡಿಲವಾಗುವುದು. ಗಂಡಸರಲ್ಲಿಯೂ ಈ ತೊಂದರೆ ಉಂಟು. ಆದರೆ ನಾಟಿ, ಕಳೆ, ಹಾಲು ಕರೆಯುವುದು, ಮನೆಯ ಒಲೆಗೆಲಸ ಎಲ್ಲವೂ ಹೆಂಗಸರ ಪಾಲಿಗೆ ಬಂದಿರುವುದರಿಂದ ಅವರಲ್ಲಿ ಹೆಚ್ಚಾಗಿ ಕಾಣುತ್ತೇವೆ.

ರೈತ ಮಹಿಳೆಯರ ತರಬೇತಿಯೊಂದರಲ್ಲಿ ಸುಮಾರು 52 ವರ್ಷದ ಒಬ್ಬರು ತಮ್ಮ ಅನುಭವ ಹೇಳಿಕೊಂಡರು. ಮಂಡಿ ಸವೆದಿದೆ, ಕಾಲಿಗೆ ಕೆಲಸ ಕೊಡಬೇಡಿ ಎಂದು ಯಾರೋ ಹೇಳಿದರಂತೆ. ಅಂದಿನಿಂದ ಹೊಲಕ್ಕೆ ಹೋಗುವುದನ್ನು ಬಿಟ್ಟರು. ಹಾಲು ಕರೆಯಲು ಕೂರಲಾಗದೆ ಎರಡು ಹಸುಗಳಲ್ಲಿ ಒಂದನ್ನು ಮಾರಿದರು. ಒಂದು ವರ್ಷ ಕಳೆಯಿತು. "ಹಸು ಹೋಯ್ತು ಕಣಮ್ಮ, ನೋವು ಮಾತ್ರ ಹಂಗೇ ಐತೆ" ಎಂದರು. ಅವರ ಎರಡು ತೊಡೆಗಳನ್ನು ಹೋಲಿಸಿ ನೋಡಿದಾಗ, ನೋವಿದ್ದ ಕಡೆಯ ತೊಡೆ ಕಣ್ಣಿಗೆ ಕಾಣುವಷ್ಟು ಸೊರಗಿತ್ತು. ಅವರ ತೊಂದರೆಯ ಬಹುಪಾಲು ಅಲ್ಲಿಯೇ ಇತ್ತು.

ಮಂಡಿಯ ಕೀಲಿನಲ್ಲಿ ಎರಡು ಮೂಳೆಗಳ ತುದಿಗಳನ್ನು ನುಣುಪಾದ ಮೃದ್ವಸ್ಥಿಯ ಪದರ ಮುಚ್ಚಿರುತ್ತದೆ. ವಯಸ್ಸು, ದೇಹದ ಭಾರ, ಹಳೆಯ ಪೆಟ್ಟು, ವಂಶಗುಣ, ಕೆಲಸದ ರೀತಿ ಇವುಗಳಿಂದ ಈ ಪದರ ತೆಳುವಾಗಿ ಒರಟಾಗುತ್ತದೆ. ಇದನ್ನೇ ನಾವು ಸವೆತ ಎನ್ನುತ್ತೇವೆ. ಬೀಜಿಂಗ್ ನಗರದ ವೃದ್ಧರಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಯೌವನದಲ್ಲಿ ದಿನಕ್ಕೆ ಹಲವು ಗಂಟೆ ಕುಕ್ಕರಗಾಲಿನಲ್ಲಿ ಕುಳಿತವರಿಗೆ ಮಂಡಿ ಸವೆತ ಹೆಚ್ಚಾಗಿ ಕಂಡುಬಂದಿತು.

ಇಲ್ಲಿ ಒಂದು ವಿಷಯವನ್ನು ತಿಳಿಯುವುದು ಅಗತ್ಯ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲು ಮಡಿಸಿ ಬಿಡಿಸುವಾಗ ಅದು ಒತ್ತಿಕೊಂಡು ಸಡಿಲವಾಗುತ್ತ ಕೀಲಿನ ದ್ರವದಿಂದ ಪೋಷಣೆ ಪಡೆಯುತ್ತದೆ. ಚಲನೆಯೇ ಇಲ್ಲದಿದ್ದರೆ ಆ ಪೋಷಣೆಯೂ ಕಡಿಮೆಯಾಗುತ್ತದೆ. ಇದಕ್ಕಿಂತ ಮುಖ್ಯವಾದುದು ತೊಡೆಯ ಮುಂಭಾಗದ ದೊಡ್ಡ ಸ್ನಾಯು. ನಡೆಯುವಾಗ, ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ಬೀಳುವ ಹೊಡೆತವನ್ನು ಈ ಸ್ನಾಯು ಹೀರಿಕೊಳ್ಳುತ್ತದೆ. ನೋವಿಗೆ ಹೆದರಿ ಕುಳಿತರೆ ಸ್ನಾಯು ಸೊರಗುತ್ತದೆ; ಸ್ನಾಯು ಸೊರಗಿದರೆ ಹೊಡೆತವೆಲ್ಲ ಕೀಲಿಗೆ ಬೀಳುತ್ತದೆ; ನೋವು ಇನ್ನೂ ಹೆಚ್ಚುತ್ತದೆ. ಸವೆದ ಪದರವನ್ನು ಮತ್ತೆ ಬೆಳೆಸುವ ಔಷಧಿ ಇದುವರೆಗೆ ಇಲ್ಲ. ಆದರೆ ಸ್ನಾಯುವನ್ನು 60 ವರ್ಷದಲ್ಲಿಯೂ 70 ವರ್ಷದಲ್ಲಿಯೂ ಬಲಪಡಿಸಬಹುದು. ಫಿಸಿಯೋಥೆರಪಿಯ ಮುಖ್ಯ ಕೆಲಸ ಇದೇ. ಬಹಳ ಜನ ಅದನ್ನು ಕರೆಂಟು ಕೊಡುವ ಯಂತ್ರವೆಂದೇ ತಿಳಿದಿದ್ದಾರೆ. ಯಂತ್ರದ ಶಾಖದಿಂದ ಸ್ವಲ್ಪ ಹೊತ್ತು ಹಿತವೆನಿಸಬಹುದು. ಅದರಿಂದ ಸ್ನಾಯುವಿಗೆ ಬಲ ಬರುವುದಿಲ್ಲ.

ಮೊದಲನೆಯ ವ್ಯಾಯಾಮವನ್ನು ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಮಾಡಬೇಕು. ಟವೆಲನ್ನು ಸುರುಳಿ ಸುತ್ತಿ ಮಂಡಿಯ ಕೆಳಗಿಡಿ. ಮಂಡಿಯಿಂದ ಸುರುಳಿಯನ್ನು ನೆಲದತ್ತ ಒತ್ತಿ, ತೊಡೆ ಗಟ್ಟಿಯಾಗುವುದನ್ನು ಕೈಯಿಂದ ಮುಟ್ಟಿ ನೋಡಿಕೊಳ್ಳಿ. 5 ಎಣಿಸುವವರೆಗೆ ಹಿಡಿದು ಸಡಿಲಬಿಡಿ. ಹೀಗೆ 10 ಸಲ. ಉಸಿರು ಕಟ್ಟಬಾರದು, ರಕ್ತದೊತ್ತಡ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಗಟ್ಟಿಯಾಗಿ ಎಣಿಸುತ್ತಿದ್ದರೆ ಉಸಿರು ತಾನಾಗಿಯೇ ಆಡುತ್ತದೆ.

ಎರಡನೆಯದಕ್ಕೆ ಅಂಗಾತ ಮಲಗಿ. ನೋವಿಲ್ಲದ ಕಾಲನ್ನು ಮಡಿಸಿಕೊಂಡು, ನೋವಿರುವ ಕಾಲನ್ನು ನೆಟ್ಟಗೆ ಇಟ್ಟುಕೊಂಡೇ ಸುಮಾರು ಒಂದು ಅಡಿ ಎತ್ತಿ, 5 ಎಣಿಸಿ, ನಿಧಾನವಾಗಿ ಇಳಿಸಿ. ದೊಪ್ಪನೆ ಬಿಡಬಾರದು. ಮೂರನೆಯದನ್ನು ಜಗಲಿಯ ಮೇಲೆ ಅಥವಾ ಕುರ್ಚಿಯಲ್ಲಿ ಕುಳಿತು ಮಾಡಬಹುದು: ಒಂದೊಂದೇ ಕಾಲನ್ನು ಮುಂದಕ್ಕೆ ನೆಟ್ಟಗೆ ಚಾಚಿ ಹಿಡಿದು ಇಳಿಸುವುದು. ಇವೆರಡನ್ನೂ ತಲಾ 10 ಸಲ, ದಿನಕ್ಕೆ ಎರಡು ಹೊತ್ತು ಮಾಡಿ. ಎರಡು ಮೂರು ವಾರಗಳಲ್ಲಿ ಇದು ಸುಲಭವೆನಿಸಿದಾಗ ಬಟ್ಟೆಯ ಚೀಲದಲ್ಲಿ ಅರ್ಧ ಕಿಲೋ ರಾಗಿ ತುಂಬಿ ಕಣಕಾಲಿಗೆ ಕಟ್ಟಿಕೊಂಡು ಮಾಡಬೇಕು. ಮುಂದೆ ಒಂದು ಕಿಲೋಗೆ ಏರಿಸಬಹುದು. ಭಾರ ಏರಿಸದೆ ವರ್ಷಗಟ್ಟಲೆ ಒಂದೇ ರೀತಿ ಮಾಡುತ್ತ ಹೋದರೆ ಸ್ನಾಯು ಇದ್ದಲ್ಲೇ ಇರುತ್ತದೆ.

ನಾಲ್ಕನೆಯದೇ ಹೆಚ್ಚು ಉಪಯೋಗಕರ ಎಂಬುದು ನನ್ನ ಅಭಿಪ್ರಾಯ. ಎತ್ತರದ ಕುರ್ಚಿಯಿಂದ ಅಥವಾ ಜಗಲಿಯಿಂದ ಕೈ ಊರದೆ ಏಳುವುದು, ನಿಧಾನವಾಗಿ ಕೂರುವುದು. ಮೊದಲು 5 ಸಲ, ಕ್ರಮೇಣ 10 ಸಲ. ಏಳಲಾಗದವರು ಆರಂಭದಲ್ಲಿ ಕುರ್ಚಿಯ ಮೇಲೆ ಮಡಿಸಿದ ಕಂಬಳಿ ಹಾಕಿ ಎತ್ತರ ಹೆಚ್ಚಿಸಿಕೊಳ್ಳಬಹುದು. ಇದರ ಜೊತೆಗೆ ಸಮತಟ್ಟಾದ ದಾರಿಯಲ್ಲಿ ದಿನವೂ ಶಕ್ತಿಯಿದ್ದಷ್ಟು ನಡೆಯಬೇಕು.

ವ್ಯಾಯಾಮದಿಂದ ನೋವು ಬಂದರೆ ಏನು ಮಾಡಬೇಕೆಂದು ಎಲ್ಲರೂ ಕೇಳುತ್ತಾರೆ. ತಡೆಯಲಾಗದ ನೋವನ್ನು ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ವ್ಯಾಯಾಮದ ಹೊತ್ತಿನಲ್ಲಿ ಎಂಟಾಣೆಯವರೆಗಿನ ನೋವಿಗೆ ಹೆದರಬೇಕಾಗಿಲ್ಲ. ಮರುದಿನ ಅದೇ ಹೊತ್ತಿಗೆ ನೋವು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಸಾಕು. ಇಳಿಯದಿದ್ದರೆ ಅಥವಾ ಬಾವು ಬಂದರೆ ಸಲಗಳ ಎಣಿಕೆಯನ್ನು ಅರ್ಧಕ್ಕೆ ಇಳಿಸಿ, ಪೂರ್ತಿ ಬಿಡಬೇಡಿ. ಡೆನ್ಮಾರ್ಕ್ ದೇಶದಲ್ಲಿ 2013ರಲ್ಲಿ ಆರಂಭವಾದ ಕಾರ್ಯಕ್ರಮವೊಂದರಲ್ಲಿ ಮಂಡಿ ಸವೆತದವರಿಗೆ ಎರಡು ಪಾಠಗಳನ್ನೂ, ವಾರಕ್ಕೆ ಎರಡರಂತೆ 12 ಸಲ ವ್ಯಾಯಾಮವನ್ನೂ ಕೊಡುತ್ತಾರೆ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಬಿತ್ತಿದ ವಾರಕ್ಕೇ ತೆನೆ ನೋಡುವವರಿಗೆ ಈ ಚಿಕಿತ್ಸೆ ಒಗ್ಗುವುದಿಲ್ಲ.

ಕೆಲಸದ ರೀತಿಯನ್ನೂ ಬದಲಿಸಬೇಕು. ಸಾಲು ಬಿತ್ತನೆ ಮಾಡಿದ ರಾಗಿಯಲ್ಲಿ ಎಡೆಕುಂಟೆ ಅಥವಾ ಉದ್ದ ಹಿಡಿಕೆಯ ಸೈಕಲ್ ಕುಂಟೆ ಹೊಡೆದರೆ ಕುಳಿತು ಕೀಳುವ ಕಳೆ ಬಹಳ ಕಡಿಮೆಯಾಗುತ್ತದೆ. ಚೆಲ್ಲಿ ಬಿತ್ತಿದರೆ ಆ ಅನುಕೂಲ ಇಲ್ಲ. ಹಾಲು ಕರೆಯಲು ಒಂದಡಿ ಎತ್ತರದ ಮಣೆ ಇಟ್ಟುಕೊಳ್ಳಿ. ಶೌಚಕ್ಕೆ ಎತ್ತರದ ಪೀಠ ಮಾಡಿಸಿಕೊಳ್ಳಲು ನಾಚಬೇಕಾಗಿಲ್ಲ. ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು; ಬಹುಪಾಲು ಜನ ನೋವಿರುವ ಕಡೆಗೇ ಹಿಡಿಯುತ್ತಾರೆ. ರಾತ್ರಿ ಮಂಡಿಯ ಕೆಳಗೆ ದಿಂಬಿಟ್ಟು ಮಲಗುವುದು ಹಿತವೆನಿಸಿದರೂ ಕ್ರಮೇಣ ಕಾಲು ನೆಟ್ಟಗಾಗುವುದೇ ಕಷ್ಟವಾಗುತ್ತದೆ. ತೂಕ ಹೆಚ್ಚಿರುವವರು ಇಳಿಸಬೇಕು. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಹದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ಕೊಳ್ಳಬೇಡಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಎರಡು ದಿನಕ್ಕೇ ನೋವು ಮಾಯವಾಗುವುದು ಇದರಿಂದಲೇ. ಆಮೇಲೆ ಸಕ್ಕರೆ ಕಾಯಿಲೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು.

ಎಲ್ಲ ಮಂಡಿನೋವೂ ಸವೆತವಲ್ಲ. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಬೆಳಿಗ್ಗೆ ಕೈಬೆರಳಿನ ಕೀಲುಗಳೂ ಸೇರಿದಂತೆ ಮೈ ಒಂದು ಗಂಟೆಗೂ ಹೆಚ್ಚು ಬಿಗಿದಿದ್ದರೆ ಅದು ಬೇರೆ ಬಗೆಯ ಸಂಧಿವಾತವಿರಬಹುದು. ಮಂಡಿ ನಡುವೆಯೇ ಸಿಕ್ಕಿಕೊಂಡು ಬಿಡಿಸಲಾಗದಿದ್ದರೆ, ಪೆಟ್ಟು ಬಿದ್ದ ಮೇಲೆ ಕಾಲೂರಲಾಗದಿದ್ದರೆ ವ್ಯಾಯಾಮ ಮಾಡಬಾರದು. ಕೋಲಾರ, ಪಾವಗಡ, ಮುಂಡರಗಿಯಂಥ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ, ಬೆನ್ನು ಕುತ್ತಿಗೆಗಳೂ ಬಿಗಿದಿದ್ದರೆ ನೀರನ್ನು ಪರೀಕ್ಷೆ ಮಾಡಿಸಬೇಕು.

ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗಗಳಿವೆ. ಅಲ್ಲಿಗೆ ಹೋದಾಗ ಯಂತ್ರದ ಶಾಖಕ್ಕಾಗಿ ದಿನವೂ ಬಸ್ಸು ಹತ್ತುವ ಬದಲು, ವ್ಯಾಯಾಮಗಳನ್ನು ತೋರಿಸಿಕೊಟ್ಟು ನೀವು ಮಾಡುವುದನ್ನು ನೋಡಿ ತಿದ್ದುವಂತೆ ಕೇಳಿ. ಮೂರು ನಾಲ್ಕು ವಾರಗಳ ನಂತರ ಮತ್ತೊಮ್ಮೆ ಹೋಗಿ ತೋರಿಸಿ ಬನ್ನಿ. ಹಸು ಮಾರಿದ್ದ ಆ ಮಹಿಳೆಯೂ ಹಾಗೆಯೇ ಮಾಡಿದರು. ಈಗಲೂ ಅವರು ಕುಕ್ಕರಗಾಲಿನಲ್ಲಿ ಕೂರಲಾರರು; ಮಣೆಯ ಮೇಲೆ ಕುಳಿತು ಉಳಿದ ಹಸುವಿನ ಹಾಲನ್ನು ತಾವೇ ಕರೆಯುತ್ತಿದ್ದಾರೆ.