ತನಗೆ ತಾನೇ ಹಾಕಿಕೊಳ್ಳುವ ಬೇಲಿ



ಕಾಂಗೇಯಂ, ಧಾರಾಪುರದ ಕಡೆ ಹೋದವರು ಕೊರಂಗಾಡುಗಳನ್ನು ಕಂಡಿರುತ್ತೀರಿ. ಮಳೆಯನ್ನೇ ನಂಬಿದ ಹುಲ್ಲುಗಾವಲು, ಅದರ ಸುತ್ತ ಕಿಳುವೈ ಮುಳ್ಳುಗಿಡದ ಜೀವಂತ ಬೇಲಿ, ಒಳಗೆ ಕಾಂಗೇಯಂ ದನಗಳು. ಕಾಯುವವನು ಬೇಕಿಲ್ಲ, ಬೇಲಿಯೇ ಕಾಯುತ್ತದೆ. ಈ ಸಲ ನಾವು ಬರೆಯುವುದು ದನದ ವಿಷಯವಲ್ಲ, ಜೂಜಿನ ವಿಷಯ. ಆದರೆ ಬೇಲಿಯನ್ನು ನೆನಪಿಟ್ಟುಕೊಳ್ಳಿ.

ಮನೆ ಭೇಟಿಗೆ ಹೋದಾಗ ಒಬ್ಬ ತಾಯಿ ಕಣ್ಣೀರಿಟ್ಟರು. (ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.) ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಟೈಲರ್. ಶನಿವಾರ ಸಂಬಳ. ಭಾನುವಾರ ಪೂಜೆಗೆ ಬರುವಷ್ಟರಲ್ಲಿ ಅರ್ಧ ಹಣ ಫೋನಿನ ರಮ್ಮಿಗೆ ಹೋಗಿರುತ್ತಿತ್ತು. "ಸ್ವಾಮಿ, ಮಾತೆಯ ಪಟದ ಮುಂದೆ ಮೂರು ಸಲ ಆಣೆ ಇಟ್ಟರು, ಮೂರು ಸಲವೂ ಮುರಿದರು. ದೇವರಿಗೂ ಸುಳ್ಳು ಹೇಳುವವರಾದರೇ?" ಎಂದರು.

ಸುಳ್ಳಲ್ಲ ತಾಯಿ. ಆಣೆ ಇಡುವಾಗ ಅವರ ಮನಸ್ಸು ನಿಜವಾಗಿಯೇ ಹಾಗಿತ್ತು. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಲ್ಲೇ ಸೇರಿಸಿದೆ. ಮನಸ್ಸು ಶಾಂತವಾಗಿರುವಾಗ ಮಾಡಿದ ನಿರ್ಧಾರ ಆಸೆ ಕೆರಳಿದ ಗಳಿಗೆಯಲ್ಲಿ ನಿಲ್ಲುವುದಿಲ್ಲ. ಶಾಂತವಾಗಿರುವಾಗಲೇ ಬೇಲಿ ನೆಡಬೇಕು.

ಹೊರದೇಶಗಳಲ್ಲಿ ಇದಕ್ಕೊಂದು ಏರ್ಪಾಡಿದೆ. ಜೂಜುಗಾರನೇ ತನ್ನ ಹೆಸರು ಬರೆಸಿ, "ನನ್ನನ್ನು ಒಳಗೆ ಬಿಡಬೇಡಿ" ಎಂದು ಕೇಳಿಕೊಳ್ಳುತ್ತಾನೆ. ಅಮೆರಿಕದ ಮಿಸೌರಿ ರಾಜ್ಯ 1996ರಲ್ಲಿ ಇಂಥ ಪಟ್ಟಿ ತೆರೆಯಿತು. ಬ್ರಿಟನ್ನಿನಲ್ಲಿ 2018ರಿಂದ ಗ್ಯಾಮ್‌ಸ್ಟಾಪ್ ಇದೆ. ಅಲ್ಲಿ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಎಂದು ಬರೆಸಬಹುದು. ಅವಧಿ ಮುಗಿಯುವ ಮುನ್ನ ಮನಸ್ಸು ಬದಲಾದರೂ ಹೆಸರು ತೆಗೆಯುವುದಿಲ್ಲ. ಅದರ ಗುಣವಿರುವುದೇ ಅಲ್ಲಿ. ನಮ್ಮ ಕಡೆಯ ಎಷ್ಟೋ ಮಕ್ಕಳು ದುಡಿಯಲು ಹೋಗಿರುವ ಸಿಂಗಪುರದಲ್ಲಿ ಹೆಂಡತಿ, ಮಕ್ಕಳು, ತಂದೆತಾಯಿ ಕೂಡ ಅರ್ಜಿ ಹಾಕಿ ಕ್ಯಾಸಿನೋ ಬಾಗಿಲು ಮುಚ್ಚಿಸಬಹುದು. ಹೆಸರು ಬರೆಸಿದವರಲ್ಲಿ ಬಹಳ ಮಂದಿ ಆಟ ಕಡಿಮೆ ಮಾಡಿದ್ದಾರೆ, ಕೆಲವರು ಪೂರ್ತಿ ಬಿಟ್ಟಿದ್ದಾರೆ. ಬೇರೆ ಬಾಗಿಲು ಹುಡುಕಿದವರೂ ಇದ್ದಾರೆ. ಜೊತೆಗೆ ಸಲಹೆ, ಚಿಕಿತ್ಸೆ ಇದ್ದವರಿಗೆ ಫಲ ಹೆಚ್ಚು.

ನಮ್ಮಲ್ಲಿ ಅಂಥ ಪಟ್ಟಿ ಏಕಿಲ್ಲ? ನಮ್ಮ ಸರ್ಕಾರಗಳು ಅಂಗಡಿಯನ್ನೇ ಮುಚ್ಚುವ ದಾರಿ ಹಿಡಿದವು. ತಮಿಳುನಾಡು 2003ರಲ್ಲಿ ಲಾಟರಿ ನಿಲ್ಲಿಸಿತು, 2022ರಲ್ಲಿ ಆನ್‌ಲೈನ್ ಜೂಜಿನ ವಿರುದ್ಧ ಕಾನೂನು ಮಾಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ 2025ರ ಆಗಸ್ಟಿನಲ್ಲಿ ಸಂಸತ್ತೇ ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ವಾಳಯಾರ್ ದಾಟಿದರೆ ಕೇರಳದ ಲಾಟರಿ. ಪೊಳ್ಳಾಚಿಯವರಿಗೆ ಗೋಪಾಲಪುರವೇ ಸಾಕು. ಫೋನಿನಲ್ಲಿ ಹೊರದೇಶದ ಕಳ್ಳ ಆಟಗಳು. ಅವರ ಬಳಿ ಹೆಸರು ಬರೆಸಿ ಫಲವೇನು? ಹಾಗಾಗಿ ನಮ್ಮ ಬೇಲಿಯನ್ನು ನಾವೇ ನೆಡಬೇಕಾಗಿದೆ.

ಆ ಟೈಲರ್ ಹೀಗೆ ಮಾಡಿದರು. ಸಂಬಳ ಹೆಂಡತಿಯ ಖಾತೆಗೆ ಬರುವಂತೆ ಕಂಪನಿಗೆ ಬರೆದುಕೊಟ್ಟರು. ಬ್ಯಾಂಕಿಗೆ ಹೋಗಿ ತಮ್ಮ ಯುಪಿಐ ನಿಲ್ಲಿಸಿದರು, ಎಟಿಎಂ ಕಾರ್ಡು ಹೆಂಡತಿಗೆ ಕೊಟ್ಟರು. ದೊಡ್ಡ ಫೋನು ಮಾರಿ ಬಟನ್ ಫೋನು ಕೊಂಡರು. ಅದಕ್ಕಿಂತ ಕಷ್ಟವಾದದ್ದು, ಅಣ್ಣನಿಗೂ ಜೊತೆಗೆಲಸದವರಿಗೂ "ನಾನು ಕೇಳಿದರೂ ಸಾಲ ಕೊಡಬೇಡಿ" ಎಂದು ಬಾಯಿಬಿಟ್ಟು ಹೇಳಿದ್ದು. ಮೂರನೆಯ ತಿಂಗಳಲ್ಲಿ ಭಾವಮೈದುನನ ಫೋನಿನಲ್ಲಿ ಒಮ್ಮೆ ಆಡಿಬಿಟ್ಟರು. ಕಿಳುವೈ ಬೇಲಿಯಲ್ಲೂ ಗಿಡ ಒಣಗಿ ಸಂದು ಬೀಳುತ್ತದೆ. ರೈತ ಬೇಲಿಯನ್ನೇ ಕಿತ್ತೆಸೆಯುವುದಿಲ್ಲ, ಅಲ್ಲೊಂದು ಕಡ್ಡಿ ನೆಡುತ್ತಾನೆ. ಭಾವಮೈದುನನಿಗೂ ವಿಷಯ ತಿಳಿಸಲಾಯಿತು, ಅಷ್ಟೆ.

ನಾವೂ ಮೊದಲು ತಪ್ಪು ಮಾಡಿದೆವು ಎಂದು ಒಪ್ಪಿಕೊಳ್ಳಬೇಕು. ಅವರು ಮೊದಲ ಸಲ ಬಂದಾಗ ಬುದ್ಧಿ ಹೇಳಿ, ಜಪಸರ ಕೈಗಿತ್ತು ಕಳಿಸಿದ್ದೆವು. ಪ್ರಾರ್ಥನೆ ಬೇಕು, ಆದರೆ ಆ ದಿನ ಅವರಿಗೆ ಬೇಕಾಗಿದ್ದದ್ದು ನಾವು ಜೊತೆಯಲ್ಲಿ ಬ್ಯಾಂಕಿಗೆ ಹೋಗುವುದು. ರೋಗಿಗಳ ಪಾಲಕ ಸಂತ ಕಮಿಲ್ಲಸ್‌ರನ್ನೇ ನೋಡಿ. ಇಸ್ಪೀಟಿನ ಚಟಕ್ಕಾಗಿ ರೋಮಿನ ಆಸ್ಪತ್ರೆಯ ಕೆಲಸ ಕಳೆದುಕೊಂಡರು, 1574ರಲ್ಲಿ ನೇಪಲ್ಸ್‌ನಲ್ಲಿ ಮೈಮೇಲಿನ ಅಂಗಿಯನ್ನೂ ಸೋತರು. ಅವರ ಮನಪರಿವರ್ತನೆಯಾದದ್ದು 1575ರಲ್ಲಿ, ಕಪುಚಿನ್ ಮಠದ ಕಟ್ಟಡದಲ್ಲಿ ಕೂಲಿ ಮಾಡುತ್ತಿದ್ದಾಗ. ಕೃಪೆ ಅವರನ್ನು ಮುಟ್ಟಿದಾಗ ಇಸ್ಪೀಟಿನ ಮೇಜು ದೂರದಲ್ಲಿತ್ತು.

ಮನೆಯವರಿಗೆ ಒಂದು ಮಾತು. ಸಾಲ ತೀರಿಸುವುದಾದರೆ ಹಣವನ್ನು ಅವರ ಕೈಗೆ ಕೊಡದೆ ಸಾಲ ಕೊಟ್ಟವರಿಗೇ ಕಟ್ಟಿ ರಸೀದಿ ಪಡೆಯಿರಿ. ಸೋತವರು ಬದುಕೇ ಬೇಡವೆಂದು ಮಾತನಾಡಿದರೆ ಅದನ್ನು ಹಗುರವಾಗಿ ಎಣಿಸಬೇಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. ದುಡ್ಡಿಲ್ಲ, ತಮಿಳಿನಲ್ಲೂ ಕನ್ನಡದಲ್ಲೂ ಮಾತನಾಡುತ್ತಾರೆ. ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಬ್ಯಾಂಕಿಗೆ ಒಬ್ಬರೇ ಹೋಗಲು ನಾಚಿಕೆಯಾದರೆ ಗುರುಮನೆಗೆ ಬನ್ನಿ, ನಾವೂ ಜೊತೆಗೆ ಬರುತ್ತೇವೆ.