ಇಳಿಯುತ್ತಿದ್ದ ತೂಕ ನಿಂತುಹೋದದ್ದೇಕೆ?

ಮೊದಲ ಎರಡು ಮೂರು ತಿಂಗಳು ಎಲ್ಲವೂ ಸರಿಯಾಗಿಯೇ ನಡೆದಿತ್ತು. ಬೆಳಗಿನ ಜಾವ ಎದ್ದು ನಡೆಯಲು ಹೋಗುತ್ತಿದ್ದಿರಿ. ಅನ್ನ ಕಡಿಮೆ ಮಾಡಿದಿರಿ, ಸಿಹಿತಿಂಡಿ ಬಿಟ್ಟಿರಿ, ಯಾವುದರಲ್ಲಿ ಎಷ್ಟು ಕ್ಯಾಲೊರಿ ಎಂಬುದನ್ನು ಬಾಯಿಪಾಠ ಮಾಡಿಕೊಂಡಿರಿ. ತೂಕದ ಯಂತ್ರದ ಮುಳ್ಳು ವಾರ ವಾರವೂ ಕೆಳಗಿಳಿಯುತ್ತಿತ್ತು. ರವಿಕೆ ಸಡಿಲವಾಯಿತು. ಮದುವೆಮನೆಯಲ್ಲಿ ಸಿಕ್ಕ ನೆಂಟರು ‘ಏನು, ಇಷ್ಟು ಇಳಿದುಹೋಗಿದ್ದೀರಿ!’ ಎಂದು ಹುಬ್ಬೇರಿಸಿದರು. ಆಮೇಲೆ ಒಂದು ದಿನ ಮುಳ್ಳು ನಿಂತಿತು. ಅದೇ ಊಟ, ಅದೇ ನಡಿಗೆ; ತೂಕ ಮಾತ್ರ ಇದ್ದಲ್ಲೇ ಇದೆ.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಇನ್ನಷ್ಟು ಉಪವಾಸ ಮಾಡಿ ತಲೆಸುತ್ತು ತಂದುಕೊಳ್ಳುತ್ತಾರೆ. ಇನ್ನು ಕೆಲವರು ‘ನನ್ನ ಮೈಯೇ ಇಷ್ಟು’ ಎಂದು ಎಲ್ಲವನ್ನೂ ಕೈಬಿಡುತ್ತಾರೆ. ಇಳಿಸಿದ ತೂಕ ವರ್ಷದೊಳಗೆ ಮರಳಿ ಬರುತ್ತದೆ. ಎರಡೂ ಹಾನಿಕರ. ತೂಕ ಏಕೆ ನಿಲ್ಲುತ್ತದೆಂಬುದನ್ನು ತಿಳಿದರೆ ಎರಡನ್ನೂ ತಪ್ಪಿಸಬಹುದು.

ಲೆಕ್ಕ ಎಲ್ಲಿ ತಪ್ಪುತ್ತದೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. 45 ವರ್ಷದ ಗೃಹಿಣಿ, ಎತ್ತರ 155 ಸೆಂಟಿಮೀಟರ್, ತೂಕ 78 ಕಿಲೋ. ಮನೆಗೆಲಸ, ಬೆಳಗಿನ ನಡಿಗೆ ಎಲ್ಲ ಸೇರಿ ಆಕೆಯ ದೇಹ ದಿನಕ್ಕೆ ಸುಮಾರು 2,000 ಕ್ಯಾಲೊರಿ ಖರ್ಚು ಮಾಡುತ್ತದೆ. ಆಕೆ 1,500 ಕ್ಯಾಲೊರಿಯಷ್ಟು ಊಟ ಮಾಡಿದರೆ ದಿನಕ್ಕೆ 500 ಉಳಿತಾಯ. ಒಂದು ಕಿಲೋ ಮೈಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆಯಾಗಬೇಕು. ಅಂದರೆ ಹದಿನೈದು ಹದಿನಾರು ದಿನಕ್ಕೊಂದು ಕಿಲೋ, ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ನಾಲ್ಕು.

ಈ ಲೆಕ್ಕ ಹೀಗೇ ನಡೆದರೆ ಮೂರೂಕಾಲು ವರ್ಷದಲ್ಲಿ ಆಕೆ ಪೂರ್ತಿ ಮಾಯವಾಗಬೇಕು! ಹಾಗೆ ಆಗುವುದಿಲ್ಲ. ಏಕೆಂದರೆ ಖರ್ಚಿನ ಅಂಕಿ ಸ್ಥಿರವಲ್ಲ. ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ. 78 ಕಿಲೋ ಮೈಯನ್ನು ಹೊತ್ತು ಮೆಟ್ಟಿಲು ಹತ್ತುವುದಕ್ಕೂ 70 ಕಿಲೋ ಹೊತ್ತು ಹತ್ತುವುದಕ್ಕೂ ವ್ಯತ್ಯಾಸವಿದೆಯಲ್ಲವೇ? ತೂಕ ಒಂದು ಕಿಲೋ ಇಳಿದರೆ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ. ಎಂಟು ಕಿಲೋ ಇಳಿದ ನಮ್ಮ ಗೃಹಿಣಿಗೆ ಈಗ ದಿನಕ್ಕೆ 1,800 ಕ್ಯಾಲೊರಿ ಸಾಕು. 500ರ ಉಳಿತಾಯ ಆಗಲೇ 300ಕ್ಕೆ ಬಂದಿದೆ.

ಕ್ಷಾಮಕ್ಕೆ ಸಿದ್ಧವಾಗುವ ದೇಹ

ಊಟ ಕಡಿಮೆಯಾದಾಗ ದೇಹ ಅದನ್ನು ಪಥ್ಯವೆಂದು ತಿಳಿಯುವುದಿಲ್ಲ, ಬರಗಾಲವೆಂದು ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿದರು. ತಾವಾಗಿಯೇ ಮುಂದೆ ಬಂದ 36 ಆರೋಗ್ಯವಂತ ಯುವಕರಿಗೆ 24 ವಾರಗಳ ಕಾಲ ಅರೆಹೊಟ್ಟೆ ಊಟ ಕೊಟ್ಟರು. ಜೊತೆಗೆ ವಾರಕ್ಕೆ 35 ಕಿಲೋಮೀಟರಿನಷ್ಟು ನಡಿಗೆ. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಮಾಡುವ ಖರ್ಚು ಅದಕ್ಕಿಂತಲೂ ಹೆಚ್ಚಾಗಿ ಕುಗ್ಗಿತು. ಮೈ ತಣ್ಣಗಾಯಿತು, ನಾಡಿ ನಿಧಾನವಾಯಿತು, ಓಡಾಡಲು ಬೇಸರ ಬಂತು. ಹಗಲಿರುಳೂ ಊಟದ್ದೇ ಯೋಚನೆ. ಅವರ ಇಚ್ಛಾಶಕ್ತಿ ಕಡಿಮೆಯೆಂದು ಯಾರೂ ಹೇಳುವಂತಿರಲಿಲ್ಲ.

ಇದರ ಹಿಂದಿರುವ ಒಂದು ಹಾರ್ಮೋನು ಲೆಪ್ಟಿನ್. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಇದನ್ನು ಪತ್ತೆಹಚ್ಚಿತು. ಕೊಬ್ಬಿನ ಕೋಶಗಳು ಇದನ್ನು ಸ್ರವಿಸಿ ‘ಕಣಜದಲ್ಲಿ ಇಷ್ಟು ದಾಸ್ತಾನಿದೆ’ ಎಂದು ಮೆದುಳಿಗೆ ತಿಳಿಸುತ್ತವೆ. ಕೊಬ್ಬು ಕರಗಿದಾಗ ಲೆಪ್ಟಿನ್ ತಗ್ಗುತ್ತದೆ. ಕಣಜ ಬರಿದಾಗುತ್ತಿದೆಯೆಂದು ಮೆದುಳು ಗಾಬರಿಗೊಂಡು ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನು ತಗ್ಗಿಸುತ್ತದೆ. ಆದ್ದರಿಂದ ತೂಕ ಇಳಿದ ಮೇಲೆ ಹಸಿವು ಹೆಚ್ಚಾದರೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಮನೆಯವರೂ ‘ನಾಲಿಗೆ ಚಪಲ’ ಎಂದು ಹಂಗಿಸಬಾರದು.

ಎಣಿಕೆಗೆ ಬಾರದ ತುತ್ತು

ಹಾಗಾದರೆ ನಮ್ಮ ಗೃಹಿಣಿಯ ಉಳಿದ 300 ಕ್ಯಾಲೊರಿ ಎಲ್ಲಿ ಹೋಯಿತು? 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ‘ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ’ ಎನ್ನುತ್ತಿದ್ದವರ ನಿಜವಾದ ಖರ್ಚನ್ನು ಸೂಕ್ಷ್ಮ ವಿಧಾನದಿಂದ ಅಳೆದರು. ಅವರ ದೇಹದಲ್ಲಿ ದೋಷವಿರಲಿಲ್ಲ. ತಾವು ತಿಂದದ್ದನ್ನು ಸರಾಸರಿ ಶೇಕಡ 47ರಷ್ಟು ಕಡಿಮೆಯಾಗಿಯೂ, ಮಾಡಿದ ವ್ಯಾಯಾಮವನ್ನು ಶೇಕಡ 51ರಷ್ಟು ಹೆಚ್ಚಾಗಿಯೂ ಹೇಳಿದ್ದರು. ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ಕಣ್ಣಳತೆ ಮೋಸ ಮಾಡುತ್ತದೆ. ಮೊದಲ ವಾರಗಳ ಕಟ್ಟುನಿಟ್ಟು ಕ್ರಮೇಣ ಸಡಿಲವಾಗುವುದು ನಮಗೇ ತಿಳಿಯುವುದಿಲ್ಲ.

ನಮ್ಮ ಅಡುಗೆಮನೆಯನ್ನೇ ನೋಡಿ. ಒಗ್ಗರಣೆಗೆ ಸೀಸೆಯಿಂದ ನೇರವಾಗಿ ಸುರಿದ ಎರಡು ಚಮಚ ಹೆಚ್ಚಿನ ಎಣ್ಣೆ ಸುಮಾರು 80 ಕ್ಯಾಲೊರಿ. ನೆಂಟರು ಬಂದರೆಂದು ಕುಡಿದ ಇನ್ನೊಂದು ಲೋಟ ಸಕ್ಕರೆ ಕಾಫಿ ಮತ್ತೊಂದು 80. ಪಲ್ಯದ ಮೇಲೆ ಉದುರಿಸಿದ ಒಂದು ಹಿಡಿ ತೆಂಗಿನತುರಿ ಸುಮಾರು 100. ಹಾಳಾಗಬಾರದೆಂದು ಮಕ್ಕಳ ತಟ್ಟೆಯಿಂದ ತೆಗೆದುಕೊಂಡ ಅರ್ಧ ಚಪಾತಿ 50. ಒಟ್ಟು 310! ಉಳಿತಾಯವೆಲ್ಲ ಮುಗಿಯಿತು, ಮುಳ್ಳು ನಿಂತಿತು.

ಒಪ್ಪೊತ್ತಿನ ದಿನದ ಕಥೆಯೂ ಇಷ್ಟೆ. ಹಗಲೂಟ ಬಿಟ್ಟವರು ಸಂಜೆ ಫಲಾಹಾರವೆಂದು ಎಣ್ಣೆ ಚೆನ್ನಾಗಿ ಬಿಟ್ಟ ಉಪ್ಪಿಟ್ಟು, ಗೊಜ್ಜವಲಕ್ಕಿ, ಎರಡು ಬಾಳೆಹಣ್ಣು, ಒಂದು ಲೋಟ ಹಾಲು ತೆಗೆದುಕೊಂಡರೆ ಲೆಕ್ಕ ಸರಿಸಮವಾಗುತ್ತದೆ. ‘ಅನ್ನ ಬಿಟ್ಟು ಮುದ್ದೆ ಉಣ್ಣುತ್ತಿದ್ದೇನೆ’ ಎನ್ನುವವರೂ ಗಮನಿಸಬೇಕು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿಯಿದ್ದರೆ ಅಷ್ಟೇ ರಾಗಿಹಿಟ್ಟಿನಲ್ಲಿ 320. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನಿಜ. ಆದರೆ ತೂಕದ ಮಟ್ಟಿಗೆ ಮುದ್ದೆಯ ಗಾತ್ರವೇ ಮುಖ್ಯ.

ನಡಿಗೆಯ ಬೆಲೆ

70 ಕಿಲೋ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ, ಸುಮ್ಮನೆ ಕುಳಿತಿದ್ದಾಗಿನ ಖರ್ಚಿಗಿಂತ ಹೆಚ್ಚಾಗಿ ವ್ಯಯವಾಗುವುದು 175 ಕ್ಯಾಲೊರಿಯಷ್ಟು ಮಾತ್ರ. ನಡಿಗೆ ಮುಗಿಸಿ ಹೋಟೆಲಿಗೆ ಹೋಗಿ ಒಂದು ಮಸಾಲೆದೋಸೆ ತಿಂದರೆ ಅದರ ಎರಡರಷ್ಟು ಒಳಗೆ ಬರುತ್ತದೆ. ಇನ್ನೊಂದು ಸಂಗತಿಯೂ ಇದೆ. ಬೆಳಿಗ್ಗೆ ನಡೆದ ದಣಿವಿಗೆ ಮಧ್ಯಾಹ್ನ ಹೆಚ್ಚು ಹೊತ್ತು ಮಲಗುತ್ತೇವೆ, ಅಂಗಡಿಗೆ ನಡೆದುಹೋಗುವ ಬದಲು ಸ್ಕೂಟರು ತೆಗೆಯುತ್ತೇವೆ. ದಿನದ ಉಳಿದ ಚಲನೆ ಹೀಗೆ ಸದ್ದಿಲ್ಲದೆ ಕಡಿಮೆಯಾಗುತ್ತದೆ.

ನಿಜವಾಗಿಯೂ ನಿಂತಿದೆಯೇ?

ಒಂದು ವಾರ ಮುಳ್ಳು ಅಲುಗದಿದ್ದರೆ ಗಾಬರಿಯಾಗಬೇಕಿಲ್ಲ. ಯಂತ್ರ ಕೊಬ್ಬನ್ನಷ್ಟೇ ತೂಗುವುದಿಲ್ಲ, ನೀರನ್ನೂ ತೂಗುತ್ತದೆ. ಪಥ್ಯದ ಮೊದಲ ವಾರದಲ್ಲಿ ಸರಸರನೆ ಇಳಿಯುವುದರಲ್ಲಿ ಹೆಚ್ಚಿನ ಪಾಲು ನೀರೇ. ಉಪ್ಪಿನಕಾಯಿ, ಹಪ್ಪಳ ಹೆಚ್ಚಾದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ, ಹೊಸ ವ್ಯಾಯಾಮದಿಂದ ಮೈಕೈ ನೋಯುತ್ತಿರುವಾಗ ದೇಹ ನೀರನ್ನು ಹಿಡಿದಿಡುತ್ತದೆ. ವಾರಕ್ಕೆರಡು ಬಾರಿ ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ ಮೊದಲು, ಒಂದೇ ಯಂತ್ರದಲ್ಲಿ ತೂಕ ನೋಡಿ ಬರೆದಿಡಿ. ಸೊಂಟದ ಸುತ್ತಳತೆಯನ್ನೂ ಟೇಪಿನಿಂದ ಅಳೆಯಿರಿ. ಸುಮಾರು ನಾಲ್ಕು ವಾರ ತೂಕ, ಸುತ್ತಳತೆ ಎರಡೂ ಇಳಿಯದಿದ್ದರೆ ಮಾತ್ರ ನಿಂತಿದೆಯೆನ್ನಬಹುದು.

ಏನು ಮಾಡಬೇಕು?

1. ಒಂದು ವಾರ ಮಾತ್ರ ಬಾಯಿಗೆ ಹೋದದ್ದನ್ನೆಲ್ಲ ಆಗಿಂದಾಗಲೇ ಬರೆದಿಡಿ. ರುಚಿ ನೋಡಿದ್ದು, ಪ್ರಸಾದ, ಮಕ್ಕಳ ತಟ್ಟೆಯದು ಎಲ್ಲವೂ ಇರಲಿ. ಎಣ್ಣೆ, ಸಕ್ಕರೆಗಳನ್ನು ಚಮಚದಲ್ಲಿ ಅಳೆದು ಹಾಕಿ.

2. ಮನೆಯ ತಿಂಗಳ ಎಣ್ಣೆಯನ್ನು ತಲೆಯ ಲೆಕ್ಕದಲ್ಲಿ ಭಾಗಿಸಿ. ನಾಲ್ವರಿಗೆ ನಾಲ್ಕು ಲೀಟರ್ ಖರ್ಚಾದರೆ ತಲಾ ದಿನಕ್ಕೆ ಸುಮಾರು 270 ಕ್ಯಾಲೊರಿ ಎಣ್ಣೆಯಿಂದಲೇ ಬರುತ್ತದೆ. ಅದನ್ನು ಮೂರು ಲೀಟರಿಗೆ ಇಳಿಸಿದರೆ ಒಬ್ಬೊಬ್ಬರಿಗೂ ದಿನಕ್ಕೆ 70ರಷ್ಟು ಉಳಿತಾಯ. ಒಬ್ಬರಿಗೆ ಬೇರೆ ಅಡುಗೆ ಮಾಡುವ ತೊಂದರೆಯೂ ಇಲ್ಲ.

3. ಪ್ರೋಟೀನು ಹೆಚ್ಚಿಸಿ. ಹುಳಿಗೆ ಬೇಳೆ ಗಟ್ಟಿಯಾಗಿರಲಿ. ಹೆಸರುಕಾಳಿನ ಉಸಲಿ, ಮೊಳಕೆಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಇರಲಿ. ಇವು ಹೆಚ್ಚು ಹೊತ್ತು ಹಸಿವನ್ನು ತಡೆಯುತ್ತವೆ, ಸ್ನಾಯು ಕರಗುವುದನ್ನು ಕಡಿಮೆ ಮಾಡುತ್ತವೆ. ಮೂತ್ರಪಿಂಡದ ಕಾಯಿಲೆಯಿರುವವರು ಮೊದಲು ವೈದ್ಯರನ್ನು ಕೇಳಬೇಕು.

4. ನಡಿಗೆಯ ಜೊತೆಗೆ ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಕೈಯೂರದೆ ಕುರ್ಚಿಯಿಂದ ಹತ್ತು ಹನ್ನೆರಡು ಬಾರಿ ಏಳುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು ಸಾಕು.

5. ಏಳು ಗಂಟೆ ನಿದ್ರೆ ಮಾಡಿ. 2010ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಚಿಕ್ಕ ಅಧ್ಯಯನದಲ್ಲಿ, ಒಂದೇ ಪಥ್ಯದಲ್ಲಿದ್ದವರು ನಿದ್ರೆಗೆಟ್ಟಾಗ ತೂಕವೇನೋ ಅಷ್ಟೇ ಇಳಿಯಿತು. ಆದರೆ ಕರಗಿದ್ದರಲ್ಲಿ ಕೊಬ್ಬು ಕಡಿಮೆ, ಸ್ನಾಯುವಿನಂಥ ಭಾಗ ಹೆಚ್ಚು.

6. ಕೆಲವು ವಾರ ಇಳಿಸುವ ಪ್ರಯತ್ನ ನಿಲ್ಲಿಸಿ, ಈಗಿರುವ ತೂಕವನ್ನೇ ಕಾಪಾಡಿಕೊಂಡರೂ ತಪ್ಪಿಲ್ಲ. ಇಳಿದ ತೂಕ ಏರದಂತೆ ನೋಡಿಕೊಳ್ಳುವುದೂ ಒಂದು ಗೆಲುವೇ.

ಏನು ಮಾಡಬಾರದು?

ಒಂದೇ ಹೊತ್ತಿನ ಊಟ, ಬರಿಯ ಹಣ್ಣಿನ ರಸ, ಅಂಗಡಿಯಲ್ಲಿ ಮಾರುವ ಗುರುತುಪರಿಚಯವಿಲ್ಲದ ಪುಡಿಗಳಿಗೆ ಹೋಗಬೇಡಿ. ತೂಕ ಇಳಿಸಲೆಂದು ಪಕ್ಕದ ಮನೆಯವರ ಥೈರಾಯ್ಡ್ ಮಾತ್ರೆ ನುಂಗುವುದಂತೂ ಅಪಾಯ. ಹೃದಯದ ಬಡಿತ ಲಯ ತಪ್ಪಬಹುದು. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ತಾವಾಗಿ ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಸಂಭವವಿದೆ. ಗರ್ಭಿಣಿಯರಿಗೆ, ಬೆಳೆಯುವ ಮಕ್ಕಳಿಗೆ ಇಂಥ ಪಥ್ಯ ಸಲ್ಲದು. ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು 2025ರಿಂದ ಭಾರತದಲ್ಲಿಯೂ ದೊರೆಯುತ್ತಿವೆ. ಇವು ಹಸಿವನ್ನು ತಗ್ಗಿಸುತ್ತವೆ. ಆದರೆ ನಿಲ್ಲಿಸಿದರೆ ತೂಕ ಮರಳುವುದೇ ಹೆಚ್ಚು. ತಜ್ಞರು ಪರೀಕ್ಷಿಸಿ ಬರೆದುಕೊಡದೆ ಇವನ್ನು ಮುಟ್ಟಬಾರದು.

ವೈದ್ಯರನ್ನು ಯಾವಾಗ ಕಾಣಬೇಕು?

ಸದಾ ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿ ಮುಖದ ಮೇಲೆ ಕೂದಲು ಬೆಳೆಯುತ್ತಿದ್ದರೆ ಅಂಡಾಶಯದ ತೊಂದರೆಯಿರಬಹುದು. ಜೋರಾಗಿ ಗೊರಕೆ ಹೊಡೆದು, ಹಗಲಿನಲ್ಲಿ ತೂಕಡಿಸುವವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆ ಹಾಗೂ ಮೂರ್ಛೆರೋಗದ ಕೆಲವು ಔಷಧಿಗಳು ತೂಕ ಹೆಚ್ಚಿಸುತ್ತವೆ. ಅವನ್ನು ನೀವಾಗಿ ನಿಲ್ಲಿಸಬೇಡಿ. ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಿ.

ಮುಳ್ಳೊಂದೇ ಅಳತೆಯಲ್ಲ

ಕೊನೆಯದಾಗಿ ಒಂದು ಮಾತು. ಚೆನ್ನೈನ ಮಧುಮೇಹ ತಜ್ಞ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು, ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ, ನಡಿಗೆಗಳ ಕ್ರಮ ಪಾಲಿಸಿದವರಲ್ಲಿ ಮಧುಮೇಹ ಬರುವ ಸಾಧ್ಯತೆ ಶೇಕಡ 28.5ರಷ್ಟು ಕಡಿಮೆಯಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇನೂ ಆಗಿರಲಿಲ್ಲ!

ಆದ್ದರಿಂದ ಮುಳ್ಳು ನಿಂತಿತೆಂದು ನೀವು ನಡಿಗೆ ನಿಲ್ಲಿಸಬೇಡಿ. ರಕ್ತದೊತ್ತಡ, ರಕ್ತದ ಸಕ್ಕರೆ, ಸೊಂಟದ ಸುತ್ತಳತೆ, ಮೆಟ್ಟಿಲು ಹತ್ತುವಾಗಿನ ಏದುಸಿರು ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಂಟು ಕಿಲೋ ಇಳಿಸಿದ ನಮ್ಮ ಗೃಹಿಣಿ ಸೋತವಳಲ್ಲ. ಆಕೆ ತನ್ನ ತೂಕದ ಹತ್ತನೆಯ ಒಂದು ಭಾಗವನ್ನು ಆಗಲೇ ಇಳಿಸಿದ್ದಾಳೆ. ಇನ್ನು ಆಕೆ ಎಣ್ಣೆಯ ಚಮಚ ಕೈಗೆತ್ತಿಕೊಂಡರೆ ಸಾಕು.