ತಂತಿಯ ಎರಡು ನಾಲಗೆ

ಕಾರ್ಖಾನೆಯ ಕೊಳವೆ, ತೊಟ್ಟಿಗಳಲ್ಲಿನ ಒತ್ತಡವನ್ನೋ ದ್ರವದ ಮಟ್ಟವನ್ನೋ ಅಳೆದು ತಿಳಿಸುವ ಉಪಕರಣಕ್ಕೆ ಟ್ರಾನ್ಸ್‌ಮಿಟರ್ ಎಂದು ಹೆಸರು. ಅದು ಬಿಸಿಲು ಮಳೆಗಳಲ್ಲಿ ಹೊರಗೆ ನಿಂತಿರುತ್ತದೆ. ಅದರ ಮಾತನ್ನು ಕೇಳಬೇಕಾದ ನಿಯಂತ್ರಣ ಕೊಠಡಿಯಾದರೋ ದೂರದಲ್ಲಿರುತ್ತದೆ. ಇವೆರಡನ್ನೂ ಬೆಸೆಯುವುದು ಒಂದು ಜೊತೆ ತಂತಿ.

ಆ ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹವೇ ಸಂದೇಶ. ಅಳತೆ ಕನಿಷ್ಠವಾಗಿದ್ದರೆ 4 ಮಿಲಿಆಂಪಿಯರ್, ಗರಿಷ್ಠವಾಗಿದ್ದರೆ 20. ಕನಿಷ್ಠಕ್ಕೆ ಸೊನ್ನೆಯೇ ಸಾಲದೇ ಎಂಬ ಸಂದೇಹ ಸಹಜ. ಸಾಲದು. ಸೊನ್ನೆಯೆಂದರೆ ತೊಟ್ಟಿ ಬರಿದಾಗಿದೆಯೋ, ತಂತಿಯೇ ತುಂಡಾಗಿದೆಯೋ ತಿಳಿಯುವುದೆಂತು? ಮೇಲಾಗಿ, ಉಪಕರಣ ಜೀವ ಹಿಡಿದಿರುವುದೂ ಆ 4 ಮಿಲಿಆಂಪಿಯರಿನಿಂದಲೇ.

1980ರ ದಶಕದಲ್ಲಿ ರೂಪುಗೊಂಡ ‘ಹಾರ್ಟ್’ ಎಂಬ ವಿಧಾನವು ಇದೇ ತಂತಿಗೆ ಎರಡನೆಯ ನಾಲಗೆಯನ್ನಿತ್ತಿತು. ಪ್ರವಾಹದ ಮೇಲೆ ಕಿರಿಯ ಅಲೆಗಳು ಸಾಗುತ್ತವೆ. ಸೆಕೆಂಡಿಗೆ 1200 ಬಾರಿ ಕಂಪಿಸಿದರೆ ಒಂದು, 2200 ಬಾರಿ ಕಂಪಿಸಿದರೆ ಸೊನ್ನೆ. ಅಲೆಯ ಏರಿಳಿತಗಳ ಸರಾಸರಿ ಸೊನ್ನೆಯಾದುದರಿಂದ ಮೂಲ ಅಳತೆ ಕದಡುವುದಿಲ್ಲ. ಹೀಗೆ ಉಪಕರಣವು ತನ್ನ ಗುರುತನ್ನೂ, ತನ್ನೊಳಗಿನ ದೋಷವನ್ನೂ, ತನ್ನನ್ನು ಯಾವ ಅಳತೆಗೆ ಹೊಂದಿಸಲಾಗಿದೆ ಎಂಬುದನ್ನೂ ಹೇಳಬಲ್ಲದು. ಈ ಕೊನೆಯ ಮಾತನ್ನು ಹಗುರವಾಗಿ ಎಣಿಸಲಾಗದು.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರವೊಂದರಲ್ಲಿ ಎತ್ತರದ ಗೋಪುರವು ದ್ರವದಿಂದ ತುಂಬುತ್ತಿತ್ತು. ಆದರೆ ಮಟ್ಟ ಇಳಿಯುತ್ತಿದೆಯೆಂದು ಟ್ರಾನ್ಸ್‌ಮಿಟರ್ ತಿಳಿಸುತ್ತಿತ್ತು. ಅದನ್ನು ಹಳೆಯ ದಾಖಲೆಯಲ್ಲಿದ್ದ ಸಾಂದ್ರತೆಗೆ ಹೊಂದಿಸಿದ್ದರು. ಗೋಪುರದಲ್ಲಿದ್ದ ದ್ರವದ ಸಾಂದ್ರತೆಯೇ ಬೇರೆ. ದ್ರವ ಉಕ್ಕಿ ಹೊರಚೆಲ್ಲಿ, ಆವಿಗೆ ಬೆಂಕಿ ಹತ್ತಿ ಸ್ಫೋಟಿಸಿತು. 15 ಮಂದಿ ಮಡಿದರು.